ಎರಡನೇ ಗೋಲ್‌ಕೀಪರ್

ಉತ್ತರ ಸ್ವೀಡನ್ನಿನ ನಮ್ಮೂರಿನ ಐಸ್ ಹಾಕಿ ತಂಡದಲ್ಲಿ ನಾನು ಒಂಬತ್ತು ವರ್ಷ ಎರಡನೇ ಗೋಲ್‌ಕೀಪರ್ ಆಗಿದ್ದೆ. ಮೊದಲನೇ ಗೋಲ್‌ಕೀಪರ್ ಸಿಕ್ಸ್ಟೆನ್ ಆಡುತ್ತಿದ್ದ, ನಾನು ಬೆಂಚಿನ ತುದಿಯಲ್ಲಿ ಕೂತಿರುತ್ತಿದ್ದೆ. ಅವನು ಒಂದೊಂದು ಹೊಡೆತ ತಡೆದಾಗಲೂ ಜನ ಎದ್ದು ನಿಂತು ಕೂಗುತ್ತಿದ್ದರು. ನಾನೂ ಚಪ್ಪಾಳೆ ತಟ್ಟುತ್ತಿದ್ದೆ, ಆದರೆ ಹೊಟ್ಟೆ ಉರಿಯುತ್ತಿತ್ತು.

ಸೆಮಿಫೈನಲ್ ದಿನ ಬೆಳಿಗ್ಗೆ ಕಾಫಿ ಕುಡಿಯುವಾಗ ಅವನು ನನ್ನ ಕಡೆ ಬಾಗಿ, "ಸೊಂಟದ ಕೀಲು ಹಿಡ್ಕೊಂಡ್ಬಿಟ್ಟಿದೆ ಕಣೋ ಯೋರನ್. ಕೋಚ್‌ಗೆ ಹೇಳ್ಬೇಡ ಮಾರಾಯ, ಇದೊಂದ್ ಮ್ಯಾಚ್ ಆಡ್ಬಿಡ್ತೀನಿ" ಎಂದ.

"ನಾನ್ಯಾಕೋ ಹೇಳ್ಲಿ?" ಎಂದೆ. ದಾಲ್ಚಿನ್ನಿ ಬನ್ನು ತಿಂದು ಮುಗಿಸಿ, ನೆಟ್ಟಗೆ ಕೋಚ್ ಕೋಣೆಗೆ ಹೋಗಿ ಹೇಳಿಬಿಟ್ಟೆ.

ಆ ಸಂಜೆ ನಾನೇ ಆಡಿದೆ. ಮೂವತ್ತೊಂದು ಹೊಡೆತ ತಡೆದೆ. ಎರಡು-ಒಂದರಿಂದ ಗೆದ್ದೆವು. ಮೊದಲ ಸಲ ಜನ ನನ್ನ ಹೆಸರು ಕೂಗಿದರು.

ಆಮೇಲೆ ಡ್ರೆಸ್ಸಿಂಗ್ ರೂಮಿಗೆ ಸಿಕ್ಸ್ಟೆನ್ ಕುಂಟುತ್ತ ಬಂದ. ಬೈಯುತ್ತಾನೆಂದು ತಲೆ ತಗ್ಗಿಸಿದೆ. ಅವನು ನನ್ನನ್ನು ತಬ್ಬಿಕೊಂಡ.

"ನೀನೇ ಹೇಳಿದ್ದು ಅಂತ ಗೊತ್ತಾಯ್ತು ಬಿಡೋ. ಆಡಿದ್ರೆ ಕಾಲೇ ಹೋಗ್ತಿತ್ತಂತೆ, ಡಾಕ್ಟ್ರು ಅಂದ್ರು. ನಿನ್ನಂಥ ಗೆಳೆಯ ಎಲ್ಲಿ ಸಿಗ್ತಾನೆ!"

ಅವನ ಕಣ್ಣು ಒದ್ದೆಯಾಗಿತ್ತು. ಅವನ ಒಳ್ಳೆಯದಕ್ಕೆಂದು ನಾನು ಹೇಳಿರಲಿಲ್ಲ, ಆ ಮಾತನ್ನು ಬಾಯಿಬಿಟ್ಟು ಒಪ್ಪಿಕೊಳ್ಳಲೂ ಇಲ್ಲ. ನನ್ನ ಜಾಗದಲ್ಲಿ ಅವನಿದ್ದಿದ್ದರೆ ನಿಜಕ್ಕೂ ಗೆಳೆಯನ ಕಾಲಿಗಾಗಿಯೇ ಹೇಳುತ್ತಿದ್ದ. ಅದು ಹೊಳೆದದ್ದೇ, ಗೆದ್ದು ಕೂತಿದ್ದ ನನಗೆ ಮತ್ತೆ ಅವನ ಮೇಲೆ ಹೊಟ್ಟೆಕಿಚ್ಚಾಯಿತು.

ಆ ವಸಂತದಲ್ಲೇ ನಾನು ದಕ್ಷಿಣದ ಒಂದು ಸಣ್ಣ ತಂಡ ಸೇರಿಕೊಂಡೆ. ಅವನು ಈಗಲೂ ಕ್ರಿಸ್ಮಸ್ಸಿಗೆ ಫೋನ್ ಮಾಡುತ್ತಾನೆ.