ತೋಳಿನ ಅಳತೆ

ವಯಸ್ಸಿನ ವಿಷಯದಲ್ಲಿ ಜನ ಊರಿಗೆಲ್ಲ ಸುಳ್ಳು ಹೇಳುತ್ತಾರೆ, ಸೊಂಟದ ವಿಷಯದಲ್ಲಿ ದರ್ಜಿಗೆ. ನನ್ನದು ಸಮವಸ್ತ್ರ ಹೊಲಿಯುವ ಅಂಗಡಿ. ಡ್ರೈವರುಗಳು, ನರ್ಸುಗಳು, ಕಾವಲುಗಾರರು, ಹೋಟೆಲಿನವರು, ಎಲ್ಲರ ಹೊಟ್ಟೆಯ ಚರಿತ್ರೆಯೂ ನನ್ನ ಅಳತೆ ಪುಸ್ತಕದಲ್ಲಿದೆ. ಟೇಪು ಕಂಡ ಕೂಡಲೇ ಉಸಿರು ಎಳೆದುಕೊಂಡು ಹೊಟ್ಟೆ ಒಳಗೆ ಹಾಕಿ ನಿಲ್ಲುವವರನ್ನು ಇಪ್ಪತ್ತೆರಡು ವರ್ಷದಿಂದ ನೋಡುತ್ತಿದ್ದೇನೆ. ನಾನು ಅವಸರ ಮಾಡುವುದಿಲ್ಲ, ಸುಮ್ಮನೆ ಕಾಯುತ್ತೇನೆ. ಎಷ್ಟು ಹೊತ್ತು ಹಿಡಿದಾರು, ಪಾಪ.

ಹಾಗಾಗಿ ನನ್ನ ತಂಗಿ ಐದು ತಿಂಗಳಲ್ಲಿ ಮೂರನೇ ಸಲ ಕೋಟು ಹಿಡಿದುಕೊಂಡು ಬಂದಾಗ ನನಗೆ ನಗು ಬಂತು. ಮನೆಯಲ್ಲಿ ಅವಳನ್ನು ಕರೆಯುವುದು ಕಡ್ಡಿ ಎಂದು. ನಲವತ್ತೊಂಬತ್ತು ವರ್ಷದ ಕಡ್ಡಿ.

"ಅಕ್ಕ, ಇನ್ನೊಂಚೂರು ಬಿಚ್ಚಿಕೊಡೇ. ಗುಂಡಿ ಹಾಕೋಕಾಗ್ತಿಲ್ಲ."

"ಬಿಚ್ಚೋಕೆ ಒಳಗೆ ಬಟ್ಟೆ ಎಲ್ಲಿದೆ? ಹೋದ ಸಲನೇ ಅಂಚಿಗೆ ಬಂದಿದೀನಿ. ಏನು ತಿಂತಿದೀಯ, ನಿಜ ಹೇಳು."

"ಏನೂ ಇಲ್ಲ ಕಣೇ."

"ಗಾಳಿ ಕುಡಿದು ಯಾರೂ ದಪ್ಪ ಆಗಲ್ಲ."

ಅವಳು ನೆಲ ನೋಡಿದಳು. "ನೀನೊಬ್ಬಳಾದ್ರೂ ನಂಬ್ತೀಯ ಅನ್ಕೊಂಡಿದ್ದೆ" ಎಂದಳು. ನಾನು ಪಕ್ಕಕ್ಕೆ ಪಟ್ಟಿ ಕೊಟ್ಟು ಹೊಲಿದುಕೊಟ್ಟೆ. ನಂಬಿಕೆ ಕೊಡಲಿಲ್ಲ.

ಕಡ್ಡಿ ಕೆಲಸ ಮಾಡುವುದು ದೊಡ್ಡ ಹೋಟೆಲೊಂದರ ಸ್ವಾಗತ ಕೌಂಟರಿನಲ್ಲಿ. ದಿನವಿಡೀ ನಿಂತು ನಗುವ ಕೆಲಸ. ಹತ್ತು ವರ್ಷದಿಂದ ಅವಳ ತೂಕ ಅರವತ್ತೆರಡು ಕಿಲೋ. ಭಾನುವಾರ ಬೆಳಿಗ್ಗೆ ತೂಗಿ ನೋಡುವುದು, ಕ್ಯಾಲೆಂಡರಿನಲ್ಲಿ ಬರೆಯುವುದು, ಸಂಜೆ ಪಾರ್ಕಿನಲ್ಲಿ ಎರಡು ಸುತ್ತು ನಡೆಯುವುದು. ಬೇರೆಯವರಿಗೆ ಇದೊಂದು ಚಟದಂತೆ ಕಾಣುತ್ತಿತ್ತು. ಅವಳಿಗೆ ಅದು ಹಲ್ಲುಜ್ಜಿದಷ್ಟೇ ಸಹಜ. ಆದರೆ ಈ ವರ್ಷ ಅರವತ್ಮೂರು, ಅರವತ್ತೈದು, ಅರವತ್ತೇಳು. ಎರಡು ಸುತ್ತನ್ನು ನಾಲ್ಕು ಮಾಡಿದಳು. ಸಕ್ಕರೆ ಬಿಟ್ಟಳು, ಎಣ್ಣೆ ಬಿಟ್ಟಳು, ಆಮೇಲೆ ರಾತ್ರಿಯ ಊಟವನ್ನೇ ಬಿಟ್ಟಳು. ತೂಕ ಮಾತ್ರ ಅವಳನ್ನು ಬಿಡಲಿಲ್ಲ.

ಮನೆಯಲ್ಲಿ ವಿಚಾರಣೆ ಶುರುವಾಯಿತು. ಅವಳ ಗಂಡ ಗೋಡೌನಿನಲ್ಲಿ ಸೂಪರ್‌ವೈಸರ್. ಲಾರಿ ಬಾಗಿಲಿಗೆ ಹಾಕುವ ಪ್ಲಾಸ್ಟಿಕ್ ಸೀಲ್ ಇರುತ್ತದಲ್ಲ, ಒಂದು ಸಲ ಎಳೆದು ಬಿಗಿದರೆ ಕತ್ತರಿಸದೆ ತೆಗೆಯಲು ಬಾರದು, ಅಂಥದ್ದು ಒಂದು ಹಿಡಿ ತಂದ. ಬಿಸ್ಕತ್ತಿನ ಡಬ್ಬಕ್ಕೆ, ಬೆಣ್ಣೆಗೆ, ಸಕ್ಕರೆಗೆ, ಕೊನೆಗೆ ಫ್ರಿಜ್ಜಿನ ಹಿಡಿಕೆಗೂ ಜಡಿದ. ಕತ್ತರಿ ತನ್ನ ಜೇಬಿನಲ್ಲಿ ಇಟ್ಟುಕೊಂಡ. ಹೆಂಡತಿಯ ಆರೋಗ್ಯದ ಮೇಲೆ ಏನು ಕಾಳಜಿ, ಏನು ಕಾಳಜಿ!

"ಅತ್ತಿಗೆ, ಒಂದು ಸಿಸ್ಟಮ್ ಅಂತ ಇದ್ರೆ ಕಳ್ಳತನ ತಾನಾಗೇ ನಿಲ್ಲುತ್ತೆ" ಎಂದು ನನ್ನ ಮುಂದೆ ಬೀಗಿದ.

ಒಂದು ತಿಂಗಳು ಅವನ ಕತ್ತರಿಯ ಹೊರತು ಬೇರೆ ಯಾರೂ ಒಂದು ಸೀಲನ್ನೂ ಮುಟ್ಟಲಿಲ್ಲ. ಕಡ್ಡಿಯ ತೂಕ ಇನ್ನೊಂದು ಕಿಲೋ ಏರಿತು. ಮನುಷ್ಯನಾದವನು ಆಗ ಏನು ಯೋಚಿಸಬೇಕು? "ಹಾಗಾದ್ರೆ ಹೊರಗಡೆ ತಿಂತಿದಾಳೆ" ಎಂದ ಈ ಮಹಾಶಯ.

"ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡೀತಿದೆ ಬಿಡಪ್ಪ" ಎಂದು ನಮ್ಮಮ್ಮ ಅಳಿಯನ ಪರ ಸಾಕ್ಷಿ ಹೇಳಿದಳು. ಹಾಲು ಎಲ್ಲಿದೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಭಾನುವಾರ ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತರೆ ಅವಳ ತಟ್ಟೆಯಿಂದ ಬಾಯಿಯ ತನಕ ಮೂರು ಜೊತೆ ಕಣ್ಣು ಹೋಗಿ ಬರುತ್ತಿದ್ದವು. ಅದರಲ್ಲಿ ಒಂದು ಜೊತೆ ನನ್ನದು.

ಅವಳು ಡಾಕ್ಟರ ಹತ್ತಿರ ಹೋಗಲಿಲ್ಲವೇ? ಹೋದಳು. ಅವರು ಕಂಪ್ಯೂಟರಿನಿಂದ ತಲೆ ಎತ್ತದೆ "ಏನು ತಿಂತೀರಿ?" ಎಂದರು. ಹೇಳಿದಳು. "ಸರಿ, ಈಗ ನಿಜವಾಗ್ಲೂ ಏನು ತಿಂತೀರಿ ಹೇಳಿ" ಎಂದರು. ರಕ್ತ ಪರೀಕ್ಷೆ ಬರೆದುಕೊಟ್ಟರು. ಎಲ್ಲ ನಾರ್ಮಲ್ ಬಂತು. ಏನಾದರೂ ಕಾಯಿಲೆ ಬಂದಿದ್ದರೆ ಅವಳು ಬಚಾವಾಗುತ್ತಿದ್ದಳು. ನಾರ್ಮಲ್ ಬಂದು ಮುಳುಗಿದಳು. ಈಗ ಅವಳು ಕಳ್ಳಿ ಎನ್ನುವುದಕ್ಕೆ ಪ್ರಯೋಗಾಲಯದ ಮೊಹರು ಬಿತ್ತು. ಜೊತೆಗೆ ಒಂದು ಹಾಳೆ ಕೊಟ್ಟು ಕಳಿಸಿದರು. ಅದರಲ್ಲಿ ಒಬ್ಬ ಹೆಂಗಸು ಬಟ್ಟಲು ತುಂಬ ಸೊಪ್ಪು ಹಿಡಿದು ಹಲ್ಲು ಕಿರಿಯುತ್ತಿದ್ದಳು. ಸೊಪ್ಪು ನೋಡಿ ಅಷ್ಟು ನಗುವವರನ್ನು ನಾನಂತೂ ಕಂಡಿಲ್ಲ.

ನಾಲ್ಕನೇ ಸಲ ಕಡ್ಡಿ ಬಂದಾಗ ಬೇರೆ ದೂರು ತಂದಳು.

"ಅಕ್ಕ, ತೋಳು ಸಡಿಲ ಆಗ್ತಿದೆ. ಭುಜದ ಹೊಲಿಗೆ ಕೆಳಗೆ ಜಾರ್ತಿದೆ ನೋಡು."

ನನಗೆ ಮೈಯೆಲ್ಲ ಉರಿಯಿತು. ತೋಳು ಕೂರಿಸುವುದರಲ್ಲಿ ಈ ಬೀದಿಯಲ್ಲಿ ನನ್ನನ್ನು ಮೀರಿಸುವವರಿಲ್ಲ. "ಹೊಟ್ಟೆ ಬಂದಿರೋದು ನಿನಗೆ, ತಪ್ಪು ನನ್ನ ತೋಳಿಂದಾ? ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ!" ಎಂದು ಅಂಗಡಿಯಲ್ಲಿದ್ದ ಇಬ್ಬರು ಗಿರಾಕಿಗಳ ಎದುರಿಗೇ ಅಂದುಬಿಟ್ಟೆ. ಅವರು ನಕ್ಕರು. ಅವಳು ಕೋಟು ಮಡಚಿ ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು.

ಇಲ್ಲಿ ನಮ್ಮ ಕಸುಬಿನ ಒಂದು ಗುಟ್ಟು ಹೇಳಬೇಕು. ಹಳೇ ಗಿರಾಕಿಗಳಿಗೆ ನಾವು ಪೂರ್ತಿ ಅಳತೆ ತೆಗೆಯುವುದಿಲ್ಲ. ಸೊಂಟಕ್ಕೊಂದು ಸುತ್ತು, ಎದೆಗೊಂದು ಸುತ್ತು, ಮುಗಿಯಿತು. ಭುಜ, ತೋಳು, ಮಣಿಕಟ್ಟು ಇವನ್ನೆಲ್ಲ ಹಿಂದಿನ ಪುಟದಿಂದ ಎತ್ತಿ ಬರೆಯುತ್ತೇವೆ. ಬೆಳೆದು ನಿಂತವರ ಭುಜ ಎಲ್ಲಿಗೆ ಹೋಗುತ್ತದೆ? ಕಡ್ಡಿಯ ತೋಳಿನ ಅಳತೆಯನ್ನು ಆರು ವರ್ಷದಿಂದ ನಾನು ಹಾಗೇ ನಕಲು ಹೊಡೆಯುತ್ತಿದ್ದೆ.

ಎರಡು ವಾರ ಅವಳು ಬರಲಿಲ್ಲ. ಅಷ್ಟರಲ್ಲಿ ಅವಳ ಹೋಟೆಲಿನವರು ಕೋಟಿನ ಬಣ್ಣ ಬದಲಾಯಿಸಿದರು. ಕೌಂಟರಿನ ಹದಿನಾಲ್ಕು ಜನಕ್ಕೂ ಹೊಸದಾಗಿ ಅಳತೆ ತೆಗೆದು, ಅಚ್ಚು ಹಾಕಿಸಿದ ಹಾಳೆಯ ಒಂದೊಂದು ಖಾನೆಯನ್ನೂ ತುಂಬಿ, ದರ್ಜಿ ಸಹಿ ಮಾಡಬೇಕೆಂದು ಅಪ್ಪಣೆ. ಹೀಗೆ ಕಡ್ಡಿ ಕೊನೆಯವಳಾಗಿ ಬಂದು, ಮಾತಿಲ್ಲದೆ ನನ್ನ ಮುಂದೆ ಕೈ ಚಾಚಿ ನಿಂತಳು. ಅವಳು ಉಸಿರು ಎಳೆದುಕೊಳ್ಳಲಿಲ್ಲ. ಅದನ್ನು ನಾನು ಯಾವತ್ತೋ ಗಮನಿಸಬೇಕಿತ್ತು.

ಮೇಲ್ತೋಳಿಗೆ ಟೇಪು ಸುತ್ತಿದೆ. ಪುಸ್ತಕದಲ್ಲಿ ಹನ್ನೆರಡು ಇಂಚು, ಟೇಪಿನಲ್ಲಿ ಹತ್ತೂವರೆ. ಟೇಪು ಹಿಗ್ಗಿಹೋಗಿರಬೇಕು ಎಂದು ಹೊಸದು ಬಿಚ್ಚಿದೆ. ಅದೂ ಹತ್ತೂವರೆ ಎಂದಿತು. ಭುಜ ಅರ್ಧ ಇಂಚು ಇಳಿದಿತ್ತು. ಕತ್ತಿನ ಕೆಳಗಿನ ಎರಡು ಮೂಳೆ ಎದ್ದು ಕಾಣುತ್ತಿದ್ದವು. ಸೊಂಟ ಮಾತ್ರ ಆರು ಇಂಚು ಹೆಚ್ಚು.

ತಿಂದು ದಪ್ಪಗಾಗುವವರು ಎಲ್ಲೆಲ್ಲಿ ದಪ್ಪಗಾಗುತ್ತಾರೆಂದು ನನಗೆ ಯಾವ ಡಾಕ್ಟರೂ ಹೇಳಿಕೊಡಬೇಕಾಗಿಲ್ಲ. ಹೊಟ್ಟೆ ಆರು ಇಂಚು ಬಂದರೆ ತೋಳು ಒಂದಾದರೂ ಬರಬೇಕು, ಕಡೇಪಕ್ಷ ಇದ್ದಲ್ಲೇ ಇರಬೇಕು. ತೋಳು ಕರಗಿ ಹೊಟ್ಟೆ ಬೆಳೆಯುವ ಅಳತೆಯನ್ನು ನಾನು ಬಸುರಿ ನರ್ಸುಗಳಿಗೆ ಮಾತ್ರ ಬರೆದಿದ್ದೆ, ಅದೂ ವಾಂತಿ ಜಾಸ್ತಿ ಇದ್ದವರಿಗೆ.

"ಮುಟ್ಟು ನಿಂತು ಎಷ್ಟು ದಿನ ಆಯ್ತೇ?"

"ಎರಡು ವರ್ಷ. ಯಾಕೆ?"

ನಾನು ಅವಳ ಹೊಟ್ಟೆಯ ಮೇಲೆ ಕೈ ಇಟ್ಟೆ. ಕೊಬ್ಬು ಮೆತ್ತಗಿರುತ್ತದೆ, ಹಿಡಿದರೆ ಕೈಗೆ ಬರುತ್ತದೆ. ಇದು ಬಿಗಿದ ಚೆಂಡು.

"ಅಕ್ಕ, ಯಾಕೆ ಹಾಗೆ ನೋಡ್ತೀಯ?"

"ಬಾಯಿ ಮುಚ್ಕೊಂಡು ನಡಿ. ಆಸ್ಪತ್ರೆಗೆ ಹೋಗೋಣ."

"ಹೋದ್ರೆ ಮತ್ತೆ ಅದೇ ಹಾಳೆ ಕೊಡ್ತಾರೆ ಕಣೇ."

"ಕೊಡ್ಲಿ ನೋಡೋಣ!"

ಅಳತೆ ಪುಸ್ತಕವನ್ನು ಕಂಕುಳಲ್ಲಿ ಇರುಕಿಕೊಂಡು ಬೇರೊಂದು ಆಸ್ಪತ್ರೆಗೆ ಹೋದೆವು. ಅಲ್ಲಿನ ಡಾಕ್ಟರಮ್ಮ ವಯಸ್ಸಾದವರು. "ಏನು ತಿಂ..." ಎಂದು ಬಾಯಿ ತೆರೆದರು. ನಾನು ಪುಸ್ತಕ ತೆರೆದು ಅವರ ಮೇಜಿನ ಮೇಲೆ ಇಟ್ಟೆ. "ತಿನ್ನೋ ವಿಷಯ ಆಮೇಲೆ ಕೇಳಿ ಡಾಕ್ಟ್ರೇ. ಇದು ಹಳೇ ತೋಳು, ಇದು ಇವತ್ತಿನ ತೋಳು. ಇದು ಹಳೇ ಸೊಂಟ, ಇದು ಇವತ್ತಿಂದು. ನಾನು ದರ್ಜಿ. ಈ ಮೈಗೆ ಕೋಟು ಹೊಲಿಯೋಕೆ ನನಗೆ ಬರಲ್ಲ."

ಅವರು ಪುಟ ನೋಡಿದರು. ಆಮೇಲೆ ಎದ್ದು ಬಂದು ಕಡ್ಡಿಯನ್ನು ಮಲಗಿಸಿ ಹೊಟ್ಟೆ ಮುಟ್ಟಿದರು. ಇಷ್ಟು ತಿಂಗಳಲ್ಲಿ ಅವಳ ಹೊಟ್ಟೆಯ ಬಗ್ಗೆ ಮಾತಾಡದವರಿಲ್ಲ, ಅದನ್ನು ಮುಟ್ಟಿ ನೋಡಿದವರು ನಾವಿಬ್ಬರೇ.

ಸ್ಕ್ಯಾನ್ ಆಯಿತು. ಅಂಡಾಶಯದಲ್ಲಿ ನೀರು ತುಂಬಿದ ಗೆಡ್ಡೆ. ಅದೇ ವಾರ ಆಪರೇಷನ್ ಮಾಡಿ ತೆಗೆದರು. ಒಂಬತ್ತು ಕಿಲೋ ತೂಗಿತಂತೆ. ಪರೀಕ್ಷೆಗೆ ಕಳಿಸಿದರು, ಕೆಟ್ಟ ಗೆಡ್ಡೆಯಲ್ಲ ಎಂದು ತಿಳಿದ ದಿನ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತೆ. ಅತ್ತು ಮುಗಿದ ಮೇಲೆ ಲೆಕ್ಕ ಹಾಕಿದೆ. ಅರವತ್ತೆಂಟರಲ್ಲಿ ಒಂಬತ್ತು ಹೋದರೆ ಐವತ್ತೊಂಬತ್ತು. ಅಂದರೆ ನನ್ನ ತಂಗಿ ಇಳಿದಿದ್ದಳು. ಅವಳ ಪಥ್ಯ, ನಾಲ್ಕು ಸುತ್ತು, ಬಿಟ್ಟ ಊಟ, ಎಲ್ಲವೂ ಕೆಲಸ ಮಾಡಿತ್ತು. ಅವಳು ಹೇಳಿದ ಒಂದೊಂದು ಮಾತೂ ನಿಜವಾಗಿತ್ತು. ನಾನು ಪುಸ್ತಕ ನಂಬಿದ್ದೆ, ಅವಳನ್ನು ನಂಬಿರಲಿಲ್ಲ. ಅದೂ ನಾನೇ ನಕಲು ಹೊಡೆದ ಪುಸ್ತಕವನ್ನು.

ನೋಡಲು ಬಂದವರ ಸಾಲು ಶುರುವಾಯಿತು. "ನನಗೆ ಮೊದಲಿಂದ್ಲೂ ಅನುಮಾನ ಇತ್ತು" ಎಂದಳು ಅಮ್ಮ. ಯಾವ ಅನುಮಾನ ಎಂದು ನಾನು ಕೇಳಿದ್ದಕ್ಕೆ ಸೆರಗಿನಿಂದ ಮೂಗು ಒರೆಸಿಕೊಂಡಳು. ಕೌಂಟರಿನ ಸಹೋದ್ಯೋಗಿ ಬಂದು "ಒಂದೇ ದಿನಕ್ಕೆ ಒಂಬತ್ತು ಕಿಲೋ! ನಾವು ವರ್ಷಗಟ್ಟಲೆ ಒದ್ದಾಡಿದ್ರೂ ಆಗಲ್ಲ, ನೀನು ಪುಣ್ಯ ಮಾಡಿದ್ದೆ" ಎಂದು ಕೆನ್ನೆ ಹಿಂಡಿ ಹೋದಳು. ಬಾಯಿಗೆ ಬಂದದ್ದನ್ನು ನಾನು ನುಂಗಿಕೊಂಡೆ, ವಾರ್ಡಿನಲ್ಲಿ ಬೇರೆ ರೋಗಿಗಳಿದ್ದರಲ್ಲ.

ಗಟ್ಟಿ ಆಹಾರ ಕೊಡಬಹುದು ಎಂದ ದಿನ ಸೂಪರ್‌ವೈಸರ್ ಸಾಹೇಬರು ಬೆಳಿಗ್ಗೆ ಎದ್ದು ತಾವೇ ಅಡುಗೆ ಮಾಡಿ ಮೂರು ಡಬ್ಬ ತಂದರು. ಕಣ್ಣು ಕೆಂಪಾಗಿತ್ತು, ಮುಖ ಸಣ್ಣಗಾಗಿತ್ತು. ಅನ್ನ ಕಲಸಿ, ತಟ್ಟೆಯನ್ನು ಅವಳ ತೊಡೆಯ ಮೇಲೆ ಇಟ್ಟು, "ತಿನ್ನು ಕಣೇ. ಎಷ್ಟು ಬೇಕೋ ಅಷ್ಟು ತಿನ್ನು. ಯಾರೇನಂತಾರೆ?" ಎಂದ. ಅವನ ಮೇಲೆ ನನಗಿದ್ದ ಸಿಟ್ಟು ಹಾಗೇ ಇತ್ತು. ಪಾಪ ಎನಿಸಿದ್ದೂ ನಿಜ.

ಕಡ್ಡಿ ಚಮಚ ಎತ್ತಿದಳು. ಅರ್ಧ ದಾರಿಯಲ್ಲಿ ಕೈ ನಿಂತಿತು. ಅವಳು ಗಂಡನನ್ನು ನೋಡಿದಳು, ಅಮ್ಮನನ್ನು ನೋಡಿದಳು, ನನ್ನನ್ನು ನೋಡಿದಳು. ನಾವು ಮೂವರೂ ಅವಳ ಚಮಚವನ್ನೇ ನೋಡುತ್ತಿದ್ದೆವು, ಈ ಸಲ ಪ್ರೀತಿಯಿಂದ. ಅವಳು ಚಮಚವನ್ನು ಮೆಲ್ಲಗೆ ತಟ್ಟೆಗೆ ಇಳಿಸಿದಳು.

"ಹಸಿವಿಲ್ವಾ?" ಎಂದಳು ಅಮ್ಮ.

"ತುಂಬಾ ಹಸಿವಾಗ್ತಿದೆ."

"ಮತ್ತೆ ತಿನ್ನೇ ಮಗಳೇ."

"ನೀವು ನೋಡ್ತಿದ್ರೆ ಗಂಟಲಲ್ಲಿ ಇಳಿಯಲ್ಲ ಅಮ್ಮ. ಸ್ವಲ್ಪ ಹೊತ್ತು ಎಲ್ಲರೂ ಆ ಕಡೆ ತಿರುಗ್ತೀರಾ?"

ನಾವು ತಿರುಗಿದೆವು. ಮೂವರು ದೊಡ್ಡವರು ಪಾಠ ಒಪ್ಪಿಸದ ಮಕ್ಕಳಂತೆ ಗೋಡೆಗೆ ಮುಖ ಮಾಡಿ ನಿಂತೆವು. ಪಕ್ಕದ ಹಾಸಿಗೆಯವರು ನಮ್ಮನ್ನೇ ನೋಡುತ್ತಿದ್ದರು. ನೋಡಲಿ ಎಂದುಕೊಂಡೆ. ಆಮೇಲೆ ನಮ್ಮ ಬೆನ್ನ ಹಿಂದೆ ಚಮಚ ತಟ್ಟೆಗೆ ತಾಗಿತು. ಇನ್ನೊಮ್ಮೆ ತಾಗಿತು. ಅವಳ ಗಂಡ ತಡೆಯಲಾರದೆ ಸ್ವಲ್ಪವೇ ಕತ್ತು ಹೊರಳಿಸಿದ.

"ಇನ್ನೂ ಆಗಿಲ್ಲ" ಎಂದಳು ಕಡ್ಡಿ, ತುಂಬಿದ ಬಾಯಲ್ಲಿ.