ಫೋನಿನ ಜ್ವರ ನೋಡುವ ಅಕ್ಕೋರು

ಕೃಷ್ಣವ್ವ ಅಕ್ಕೋರು ಪರರ ಫೋನನ್ನು ಮುಟ್ಟುವುದಿಲ್ಲ. ನಮ್ಮ ಮನೋಳಿಯಲ್ಲಿ ಯಾರ ಫೋನು ಹಟ ಹಿಡಿದರೂ ಅದು ಮೊದಲು ಬರುವುದು ಅವರ ಮನೆಯ ಕಟ್ಟೆಗೇ. ಆದರೆ ಬಂದ ಫೋನು ಬಂದವರ ಕೈಯಲ್ಲೇ ಉಳಿಯುತ್ತದೆ. ಅಕ್ಕೋರು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಕತ್ತು ಮುಂದೆ ಚಾಚಿ, ಮೂಗಿನ ತುದಿಗಿಳಿದ ಕನ್ನಡಕದೊಳಗಿಂದ ಪರದೆಯನ್ನು ದಿಟ್ಟಿಸುತ್ತ, “ನೀವ ಒತ್ರಿ, ಅದೇನ ಕಚ್ಚಂಗಿಲ್ಲ” ಎನ್ನುತ್ತಾರೆ. ಅವಸರದವರು ಫೋನನ್ನು ಅವರ ಕೈಗೆ ತುರುಕಲು ಹೋದರೆ ಎರಡು ಹೆಜ್ಜೆ ಹಿಂದೆ ಸರಿಯುತ್ತಾರೆಯೇ ಹೊರತು ಕೈ ಮುಂದೆ ಚಾಚುವುದಿಲ್ಲ.

ಮೂವತ್ತೊಂದು ವರ್ಷ ಅಂಗನವಾಡಿಯಲ್ಲಿ ಊರಿನ ಕೂಸುಗಳನ್ನು ಸಾಕಿದ ಈ ತಾಯಿ ನಿವೃತ್ತರಾಗಿ ಎರಡು ವರ್ಷವಾಯಿತು. ಇಂದಿಗೂ ಓಣಿಯಲ್ಲಿ ನಡೆಯುವಾಗ ಹತ್ತು ಹೆಜ್ಜೆಗೊಮ್ಮೆ ನಿಂತು ಹಿಂದೆ ತಿರುಗಿ ನೋಡುತ್ತಾರೆ, ಸೆರಗು ಹಿಡಿದು ಬರುತ್ತಿದ್ದ ಸಾಲಿನಲ್ಲಿ ಯಾರಾದರೂ ಹಿಂದುಳಿದರೇನೋ ಎಂಬಂತೆ. ಉಟ್ಟ ಸೀರೆಯೂ ಹೆಚ್ಚುಕಡಿಮೆ ಆ ಹಳೆಯ ಯೂನಿಫಾರಮ್ಮೇ. ಫೋನುಗಳ ವಿಷಯದಲ್ಲೂ ಅವರದು ಅದೇ ಶಿಶುಪಾಲನೆಯ ಶಾಸ್ತ್ರ. ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: “ಇದನ್ನ ಕಡೀಗೆ ಯಾವಾಗ ಮಲಗಿಸಿದ್ರಿ?” ಮಲಗಿಸುವುದೆಂದರೆ ಪೂರ್ತಿ ಬಂದ್ ಮಾಡಿ ಮತ್ತೆ ಚಾಲೂ ಮಾಡುವುದು. ತಂದಂದಿನಿಂದ ಬಂದ್ ಮಾಡಿಯೇ ಇಲ್ಲವೆಂದು ಒಬ್ಬರು ಹೆಮ್ಮೆಯಿಂದ ಹೇಳಿದಾಗ, “ಮೂರು ವರ್ಷ ನಿದ್ದಿ ಇಲ್ದ ಕೂಸು ಅಳದ ಮತ್ತೇನ ಮಾಡತೈತ್ರಿ?” ಎಂದು ಅವರನ್ನೇ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿದ್ದರು. ಕಂಡ ಕಂಡ ಶುಭೋದಯದ ಹೂವಿನ ಚಿತ್ರಗಳನ್ನೆಲ್ಲ ತುಂಬಿಕೊಂಡ ಫೋನಿಗೆ ಅಜೀರ್ಣ. ಒಂದೊಂದಾಗಿ ಅಳಿಸಬೇಕು, ಅದೂ ಮಾಲೀಕರ ಬೆರಳಿನಿಂದಲೇ. ಬಿಸಿಯಾದರೆ ಜ್ವರ, ಮೇಲಿನ ಕವರು ಬಿಚ್ಚಿ, ಚಾರ್ಜಿನಿಂದ ತೆಗೆದು, ನೆರಳಿನಲ್ಲಿಡಬೇಕು, ಫ್ರಿಜ್ಜಿನಲ್ಲಲ್ಲ. ನೀರಿಗೆ ಬಿದ್ದ ಫೋನನ್ನು ಅಕ್ಕಿಯ ಡಬ್ಬಿಯಲ್ಲಿ ಹುಗಿದು ತಂದವರಿಗೆ ಸಿಕ್ಕ ಬೈಗುಳ ಮೂರು ಮನೆಯಾಚೆಗೂ ಕೇಳಿತ್ತು. “ಅಕ್ಕಿ ಧೂಳು ಅದರ ಹೊಟ್ಟ್ಯಾಗ ಹೊಕ್ಕೈತಿ ನೋಡ್ರಿ. ಬಂದ್ ಮಾಡ್ರಿ, ಒರಸ್ರಿ, ಗಾಳಿಗೆ ಇಡ್ರಿ. ಒಣಗೂತನಾ ಚಾರ್ಜಿಗೆ ಹಚ್ಚಬ್ಯಾಡ್ರಿ.”

ಈ ವಿದ್ಯೆಯನ್ನು ಅವರಿಗೆ ಯಾರೂ ಕಲಿಸಲಿಲ್ಲ. ಮಕ್ಕಳ ತೂಕ, ಎತ್ತರಗಳನ್ನೆಲ್ಲ ಫೋನಿನಲ್ಲೇ ತುಂಬಬೇಕೆಂಬ ನಿಯಮ ಬಂದಾಗ ಅವರಿಗೆ ಸಿಕ್ಕದ್ದು ನಾಲ್ಕು ಫೋಟೊ ತೆಗೆದರೆ ಉಸಿರು ಕಟ್ಟುವ ಫೋನು. ತರಬೇತಿಗೆ ಹೋದಾಗ ಅಲ್ಲೊಬ್ಬರು ಅದನ್ನು ಇವರ ಕೈಯಿಂದ ಕಸಿದುಕೊಂಡು, ಟಕಟಕ ಏನೇನೋ ಒತ್ತಿ, “ಆತು, ಹೋಗ್ರಿ” ಎಂದು ಕಳಿಸಿದರಂತೆ. “ಆತು ಅಂದ್ರು. ಏನಾತು ಅಂತ ನನಗ ಗೊತ್ತಾಗಲಿಲ್ರಿ ಸರ. ಬಸ್ಸಿನ್ಯಾಗ ಕುಂತು ಅತ್ತೆ,” ಎಂದು ಒಮ್ಮೆ ಹೇಳಿದ್ದರು. ಅಂದಿನಿಂದ ಒಂದೊಂದೇ ಗುಂಡಿ ಒತ್ತಿ ನೋಡಿ ತಾವೇ ಕಲಿತರು. ಆ ಒಂದು ಕಣ್ಣೀರಿನಿಂದ ಊರಿಗೆಲ್ಲ ಎಂಥ ಉಪಕಾರವಾಯಿತೆಂಬುದು ಆ ತರಬೇತಿಯ ಮಹಾಶಯರಿಗೆ ಗೊತ್ತಿರಲಾರದು.

ಇನ್ನು ನನ್ನ ವಿಷಯ. ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ಓದುವುದೊಂದನ್ನು ಬಿಟ್ಟರೆ ಬೇರೆ ಚಟವಿಲ್ಲದವನು. ಹೋದ ವರ್ಷ ನನ್ನ ನೋಟದ ನಟ್ಟನಡುವೆ ಒಂದು ಬೂದು ಕಲೆ ಬಂದು ಕೂತಿತು. ಯಾವ ಅಕ್ಷರವನ್ನು ನೋಡಬೇಕೋ ಅದೇ ಅಕ್ಷರವನ್ನು ಅದು ಮುಚ್ಚುತ್ತಿತ್ತು. ಹೋದದ್ದು ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳೋಣವೆಂದರು ಡಾಕ್ಟರು. ನಾನು ಯಾರಿಗೂ ಹೇಳಲಿಲ್ಲ. ಮನೆಯಾಕೆ ಗುರುಬಸವ್ವನ ಎದುರು ದಿನವೂ ಪೇಪರು ಹಿಡಿದು ಕೂತು, ಹೊತ್ತಿನ ಲೆಕ್ಕವಿಟ್ಟುಕೊಂಡು ಹಾಳೆ ತಿರುವುತ್ತಿದ್ದೆ. ಓದಿದ ಸುದ್ದಿಯನ್ನು ಆಕೆ ಕೇಳಿದರೆ ಸಿಡಿಮಿಡಿಗೊಳ್ಳುತ್ತಿದ್ದೆ. ಓದಲಾರದ ಕನ್ನಡ ಮೇಷ್ಟ್ರು ಎಂದರೆ ಊರಿನಲ್ಲಿ ಉಳಿಯುವುದೇನು ಎಂಬ ಭಯ ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು.

ಫೋನಿನ ಪರದೆಯೇ ಮಸುಕಾಗಿದೆಯೆಂಬ ಸುಳ್ಳು ಹೊತ್ತು ಒಂದು ದಿನ ಅಕ್ಕೋರ ಕಟ್ಟೆಗೆ ಹೋದೆ. ಅವರು ಎಂದಿನಂತೆ ಕೈ ಹಿಂದೆ ಕಟ್ಟಿ, “ಮ್ಯಾಲ ಬಲಕ್ಕ ಸೆಟ್ಟಿಂಗಿಂದು ಹಲ್ಲಿನ ಗಾಲಿ ಐತಲ್ರಿ, ಅದನ್ನ ಒತ್ರಿ” ಎಂದರು. ನಾನು ಒತ್ತಿದ್ದು ಇನ್ನೆಲ್ಲೋ. ಮತ್ತೊಮ್ಮೆ ಹೇಳಿದರು, ತಲೆಯನ್ನು ಓರೆಮಾಡಿ ಕಣ್ಣಂಚಿನಿಂದ ಹುಡುಕಿದೆ, ಮತ್ತೆ ತಪ್ಪಿತು. ಪಾಟಿಯ ಮೇಲೆ ಬರೆಯುವಾಗ ಹೀಗೆ ತಲೆ ಓರೆಮಾಡುವ ಮಕ್ಕಳನ್ನು ಗುರುತಿಸಿ ದವಾಖಾನೆಗೆ ಕಳಿಸಿದ ಹೆಂಗಸು ಆಕೆ. ನನ್ನ ಮುಖವನ್ನು ಒಂದು ಗಳಿಗೆ ನೋಡಿ, “ಸರ, ಸ್ವಲ್ಪ ಕುಂತಿರ್ರಿ” ಎಂದಷ್ಟೇ ಹೇಳಿದರು.

ಅಷ್ಟರಲ್ಲಿ ಪರಸಪ್ಪ ಬಂದರು. ನವಿಲುತೀರ್ಥದ ಕಡೆ ಕಾಲುವೆಯ ಗೇಟು ಎತ್ತಿ ಇಳಿಸುವ ಕೆಲಸದ ಭಾರೀ ಎತ್ತರದ ಆಸಾಮಿ. ಫೋನನ್ನೂ ಗೇಟಿನ ಹಿಡಿಕೆಯಂತೆ ಮುಷ್ಟಿಯಲ್ಲಿ ಬಿಗಿದು ಹಿಡಿಯುವವರು. ಅವರ ಫೋನು ಮುಟ್ಟಿದ್ದಕ್ಕೆಲ್ಲ ಮಾತಾಡತೊಡಗಿತ್ತು. “ದೆವ್ವ ಹೊಕ್ಕೈತ್ರಿ ಅಕ್ಕೋರ! ಸಾಹೇಬ್ರ ಮುಂದ ನನ್ನ ಮಾನಾ ಕಳೀತು!” ಎಂದು ಬೆರಳಿಟ್ಟರೋ ಇಲ್ಲವೋ, ಫೋನು ನಮ್ಮೆದುರಿಗೂ ಅವರ ಹೆಂಡತಿಯ ಮೆಸೇಜನ್ನು ಸ್ಪಷ್ಟವಾಗಿ ಓದಿ ಹೇಳಿತು: “ಬರೂಮುಂದ ಮೆಂತೆಪಲ್ಲೆ ತರ್ರಿ, ಮರತ್ರ ಮನಿಗಿ ಬರಬ್ಯಾಡ್ರಿ.”

ಅಕ್ಕೋರು ನಗಲಿಲ್ಲ. “ಆವಾಜಿಂದು ಎರಡೂ ಗುಂಡಿ ಕೂಡೇ ಒತ್ತಿ ಹಿಡೀರಿ. ಮೂರು ಎಣಸ್ರಿ” ಎಂದರು. ಪರಸಪ್ಪ ಎಣಿಸಿದರು, ಫೋನು ಬಾಯಿ ಮುಚ್ಚಿತು. ಮುಷ್ಟಿಯ ಬಿಗಿತದಲ್ಲಿ ಅವೇ ಎರಡು ಗುಂಡಿಗಳು ಒತ್ತಿಕೊಂಡು, ಕಣ್ಣು ಕಾಣದವರಿಗಾಗಿ ಫೋನಿನೊಳಗೆ ಇಟ್ಟಿರುವ ಓದುವ ಧ್ವನಿ ಎದ್ದಿತ್ತು, ಅಷ್ಟೇ. ಬದುಕಿದೆನೆಂದು ಅವರು ಮೆಂತೆಪಲ್ಯ ಹುಡುಕಿಕೊಂಡು ಹೋದ ಮೇಲೆ ಅಕ್ಕೋರು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: “ಅವರಿಗೆ ಬ್ಯಾಡಾದ ದೆವ್ವ ನಿಮಗ ಬೇಕಾಗೇತಿ ಸರ. ನಾಳಿಂದ ಬರ್ರಿ.” ಒಂದು ವರ್ಷ ಬಚ್ಚಿಟ್ಟದ್ದನ್ನು ಆಕೆ ಹೆಸರಿಡದೆಯೇ ಎತ್ತಿಕೊಂಡು ನನ್ನ ಎದೆ ಹಗುರ ಮಾಡಿದರು.

ಕಲಿಕೆ ಸುಲಭವಾಗಿರಲಿಲ್ಲ. ಒಮ್ಮೆ ತಟ್ಟಿದರೆ ಹೆಸರು ಹೇಳುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ, ಎರಡು ಬೆರಳಿನಿಂದ ಎಳೆದರೆ ಪುಟ ಸರಿಯುತ್ತದೆ. ಎಪ್ಪತ್ತರ ಬೆರಳಿಗೆ ಇದೆಲ್ಲ ಹೊಸ ಸಂಸಾರ. ನಾಲ್ಕನೆಯ ದಿನ, ನನ್ನಿಂದಾಗದೆಂದು ಫೋನನ್ನು ಕಟ್ಟೆಯ ಮೇಲೆ ಕುಕ್ಕಿದೆ. “ಎಷ್ಟ ಹುಡುಗೂರಿಗೆ ಒತ್ತಕ್ಷರ ಕಲಿಸೀರಿ ಸರ? ಒಂದ ದಿನದಾಗ ಬಂತೇನ್ರಿ ಅವರಿಗೆ?” ಎಂದರು ಅಕ್ಕೋರು. ಮೇಷ್ಟ್ರಿಗೆ ಇದಕ್ಕಿಂತ ದೊಡ್ಡ ಛಡಿಯೇಟು ಬೇಕೆ? ಫೋನನ್ನು ಮತ್ತೆ ಎತ್ತಿಕೊಂಡೆ.

ಹನ್ನೊಂದನೆಯ ದಿನ, ಪುಸ್ತಕದ ಪುಟವೊಂದರ ಫೋಟೊ ತೆಗೆದು ಅದರೊಳಗಿನ ಅಕ್ಷರವನ್ನು ಓದಿಸುವ ಪಾಠ. ಕೈಗೆ ಸಿಕ್ಕ ಹಳೆಯ ವ್ಯಾಕರಣದ ಪುಸ್ತಕವನ್ನು ಒಯ್ದಿದ್ದೆ. ನಾನೇ ಹಿಡಿದೆ, ನಾನೇ ತೆಗೆದೆ, ನಾನೇ ತಟ್ಟಿದೆ. ಭಾವದ ಲೇಶವೂ ಇಲ್ಲದ ಆ ಧ್ವನಿ ಲೋಪ, ಆಗಮ, ಆದೇಶಗಳೆಂದು ಓದುತ್ತ ಹೋದಂತೆ ನನ್ನ ಕಣ್ಣಲ್ಲಿ ನೀರು ಧಾರೆಯಾಯಿತು. ಸಂಧಿಪ್ರಕರಣ ಕೇಳಿ ಅತ್ತವನು ಕನ್ನಡನಾಡಿನಲ್ಲಿ ನಾನೊಬ್ಬನೇ ಇರಬೇಕು. ಅಕ್ಕೋರು ಗೋಡೆಯ ಕಡೆ ನೋಡುತ್ತ, “ಚಾರ್ಜ್ ಇಳದೈತ್ರಿ ಸರ, ಒಳಗ ಹೋಗಿ ಹಚ್ಚಿ ಬರ್ರಿ” ಎಂದರು. ಚಾರ್ಜು ಎಂಬತ್ತಿತ್ತು, ಫೋನು ಅದನ್ನೂ ಓದಿ ಹೇಳಿತು. ಮುಖ ಒರೆಸಿಕೊಳ್ಳಲು ನನಗೊಂದು ನೆವ ಬೇಕಿತ್ತೆಂದು ಆಕೆಗೆ ತಿಳಿದಿತ್ತು.

ಈ ಲೇಖನವನ್ನು ನಾನು ಫೋನಿಗೆ ಬಾಯಿಂದ ಹೇಳಿ ಬರೆಸಿದ್ದೇನೆ, ಅದರಿಂದಲೇ ಓದಿಸಿ ತಿದ್ದಿದ್ದೇನೆ. ಗುರುಬಸವ್ವನಿಗೆ ಕಣ್ಣಿನ ಸಂಗತಿ ಹೇಳಿಯೂ ಆಯಿತು. ಈಗ ಸಂಜೆ ನಾವಿಬ್ಬರೂ ಕೂತು ಪೇಪರು ಕೇಳುತ್ತೇವೆ. ಉಪಕಾರ ಮಾಡುವವರು ಲೋಕದಲ್ಲಿ ಅನೇಕರಿದ್ದಾರೆ. ಅವರಲ್ಲಿ ಹೆಚ್ಚಿನವರು ನಮ್ಮನ್ನು ತಮ್ಮ ಬಾಗಿಲಿಗೆ ಮತ್ತೆ ಬರುವಂತೆ ಮಾಡಿಟ್ಟೇ ಕಳಿಸುತ್ತಾರೆ. ತಮ್ಮ ಅಗತ್ಯವೇ ಉಳಿಯದಂತೆ ಕಲಿಸಿ, ಸುಮ್ಮನೆ ತಮ್ಮ ಕೆಲಸಕ್ಕೆ ಹೋಗುವ ಕೃಷ್ಣವ್ವ ಅಕ್ಕೋರಂಥವರು ಎಲ್ಲೋ ಒಬ್ಬರು. ಅಂಥವರ ಋಣ ತೀರಿಸುವ ದಾರಿ ನನಗೆ ತಿಳಿದಿಲ್ಲ. ಅವರ ಕಟ್ಟೆಗೆ ಹೋಗಲು ನನಗೀಗ ಯಾವ ಕಾರಣವೂ ಇಲ್ಲ. ಆದರೂ ದಿನವೂ ಹೋಗಿ ಬರುತ್ತೇನೆ.