ಎಡೆಗಿಟ್ಟ ಕೆಂಪು ಸಾರು

ಗಂಡ ತೀರಿಕೊಂಡ ಮೇಲೆ ಇನ್‌ಸುನ್ ಮನೆಗೆಲಸವನ್ನು ಒಂದೊಂದಾಗಿ ಕಳಚಿ ಹಾಕಿದಳು. ಮೊದಲು ಹೋದದ್ದು ಕೋಸಿನ ಉಪ್ಪಿನಕಾಯಿ ಕಿಮ್ಚಿಯ ಜಾಡಿಗಳು. ಒಬ್ಬಳ ಹೊಟ್ಟೆಗೆ ರಾಶಿಗಟ್ಟಲೆ ಕೋಸು ತಂದು ಉಪ್ಪು ಹಾಕಿ ಹಿಂಡೋದು ಯಾವ ಪುರುಷಾರ್ಥಕ್ಕೆ? ಅಂಗಡಿಯಲ್ಲಿ ಸಣ್ಣ ಪೊಟ್ಟಣ ಸಿಗುತ್ತದೆ. ಆಮೇಲೆ ಅನ್ನ. ಬೇಯಿಸಿದ ಅನ್ನವೇ ಡಬ್ಬಿಯಲ್ಲಿ ಬರುತ್ತದೆ, ಮೈಕ್ರೋವೇವ್‌ನಲ್ಲಿ ಇಟ್ಟು ತೆಗೆದರೆ ಮುಗೀತು. ಕಾಲುಚೀಲ ಎಲ್ಲ ಒಂದೇ ಕಪ್ಪು ಬಣ್ಣದವು ತಂದಳು, ಜೋಡಿ ಹುಡುಕುವ ರಗಳೆಯೇ ಬೇಡ ಅಂತ. ನೆಲ ಗುಡಿಸಲು ತಟ್ಟೆಯಂಥ ಒಂದು ಯಂತ್ರ ಬಂತು. ಅದು ದಿನಾ ಸಂಜೆ ತಾನೇ ಎದ್ದು, ಮನೆಯೆಲ್ಲ ಸುತ್ತಿ, ತನ್ನ ಮೂಲೆಗೆ ಹೋಗಿ ಸುಮ್ಮನಾಗುತ್ತಿತ್ತು. ಹಾಸಿಗೆಯಲ್ಲಿ ಅವಳು ಒಂದೇ ಬದಿಗೆ ಮಲಗುತ್ತಿದ್ದುದರಿಂದ ಹೊದಿಕೆ ಒಗೆಯುವುದೂ ಅರ್ಧ ಕಡಿಮೆಯಾಯಿತು.

ಮೇಲಿನ ಮಹಡಿಯವಳು ಒಂದು ದಿನ ಬಂದು ನೋಡಿ ಬಾಯಿ ಬಾಯಿ ಬಿಟ್ಟಳು. "ನಿಮ್ಮನ್ನ ನೋಡಿದ್ರೆ ಹೊಟ್ಟೆ ಉರಿಯತ್ತೆ ಕಣ್ರೀ. ನನ್ನ ಆಯುಷ್ಯ ಎಲ್ಲಾ ಸಿಂಕಿನ ಮುಂದೇ ಸವೀತಿದೆ. ಅಲ್ಲಾ, ಉಳಿದ ಹೊತ್ತಲ್ಲಿ ಏನ್ ಮಾಡ್ತೀರಿ?"

"ಏನೂ ಇಲ್ಲ," ಅಂದಳು ಇನ್‌ಸುನ್.

ಮೇಲಿನವಳು ತಮಾಷೆ ಅಂದುಕೊಂಡು ನಕ್ಕಳು. ಆದರೆ ಅದು ಅಪ್ಪಟ ಸತ್ಯ. ಉಳಿದ ಹೊತ್ತಲ್ಲಿ ಇನ್‌ಸುನ್ ಬಾಲ್ಕನಿಯಲ್ಲಿ ಸ್ಟೂಲು ಹಾಕಿಕೊಂಡು ಕೆಳಗಿನ ಕಾರುಗಳನ್ನು ನೋಡುತ್ತ ಕೂತಿರುತ್ತಿದ್ದಳು. ಯಾವ ಕಾರು ಬಂತು, ಯಾವುದು ಹೋಯಿತು ಅಂತ ಕೇಳಿದರೆ ಹೇಳಲು ಬರುತ್ತಿರಲಿಲ್ಲ. ಅವಳಿಗೆ ದುಃಖ ಆಗುತ್ತಿತ್ತೇ? ಅದೂ ಇಲ್ಲ. ಮರಗಟ್ಟಿದ ಕಾಲನ್ನು ಚಿವುಟಿದರೆ ಹೇಗೆ ಬೇರೆಯವರ ಕಾಲು ಚಿವುಟಿದ ಹಾಗಿರುತ್ತದೋ ಹಾಗಿದ್ದಳು. ಸಾವಿನ ಮನೆಯಲ್ಲೂ ಅತ್ತವಳಲ್ಲ. ನೆಂಟರು ಮೂಗು ಮುರಿದರು, ಮುರಿಯಲಿ.

ಗಂಡ ದಾಲ್ಸು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿದ್ದ. ಒಳ್ಳೆಯವನೇ, ಆದರೆ ಊಟಕ್ಕೆ ಕೂತನೆಂದರೆ ಏಳುವವನಲ್ಲ. ಹಸುವಿನ ಮಾಂಸ, ಮೂಲಂಗಿ ಹಾಕಿದ ಕೆಂಪು ಸಾರು ಅವನಿಗೆ ಪ್ರಾಣ. ಅವರ ತೇಗು ಪಟ್ಟಣದ ಕಡೆ ಮನೆಮನೆಯಲ್ಲೂ ಮಾಡುವ ಸಾರೇ ಅದು, ಬೆಳ್ಳುಳ್ಳಿ ಜಜ್ಜಿ, ಖಾರದ ಪುಡಿ ಸುರಿದು, ಮೇಲೆ ಕೆಂಪು ಎಣ್ಣೆ ತೇಲಬೇಕು. ಪ್ರತಿ ಚಮಚ ಎತ್ತಿ ಉಫ್ ಉಫ್ ಅಂತ ಊದಿ ಊದಿ ತಿನ್ನುವನು. ಇನ್‌ಸುನ್ ಸುತ್ತಲಿನ ಬಟ್ಟಲೆಲ್ಲ ಎತ್ತಿ, ಮೇಜು ಒರೆಸಿ, ಅವನ ಬಟ್ಟಲೊಂದಕ್ಕೇ ಕಾಯುತ್ತ ನಿಲ್ಲುವಳು. "ಬೇಗ ಮುಗಿಸ್ರೀ, ನಂಗೆ ಪಾತ್ರೆ ತೊಳೀಬೇಕು." ಇದೇ ಮಾತು, ದಿನಾ, ಇಪ್ಪತ್ತೈದು ವರ್ಷ. ಅವನು ತೀರಿಕೊಂಡ ದಿನ ಬೆಳಿಗ್ಗೆ ಕಾಯುವಷ್ಟೂ ತಾಳ್ಮೆ ಇರಲಿಲ್ಲ. ಅರ್ಧ ಸಾರು ಇದ್ದ ಬಟ್ಟಲನ್ನು ಅವನ ಮುಂದಿನಿಂದ ಎತ್ತಿ ಸಿಂಕಿಗೆ ಚೆಲ್ಲಿಬಿಟ್ಟಳು. ಅವನು ಚಮಚ ಕೈಯಲ್ಲೇ ಹಿಡಿದು, "ಅಯ್ಯೋ ಮಾರಾಯ್ತಿ, ನಿನ್ನ ಅವಸರಕ್ಕೆ ಬೆಂಕಿ ಹಾಕ," ಅಂತ ನಗುತ್ತ ಎದ್ದು ಹೋದ. ಮಧ್ಯಾಹ್ನ ಕಾರ್ಖಾನೆಯಿಂದ ಫೋನು ಬಂತು, ಅವನ ಎದೆಬಡಿತ ನಿಂತುಹೋಗಿತ್ತು.

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುವುದೇನು, ಬಟ್ಟಲು ಎತ್ತಿದ್ದು ಒಂದು ಸುದ್ದಿಯೇ? ಆದರೆ ವರ್ಷ ತುಂಬುತ್ತ ಬಂದರೂ ದಾಲ್ಸು ಒಂದೇ ಒಂದು ಸಲ ಅವಳ ಕನಸಿಗೆ ಬರಲಿಲ್ಲ. ಹೆತ್ತ ತಾಯಿಯ ಕನಸಿಗೆ ಬಂದನಂತೆ. ತಂಗಿ ಮಿರಾನ್ ಕನಸಿಗೆ ಬಂದು ಹೊಸ ಷರ್ಟು ತೋರಿಸಿ ಹೋದನಂತೆ. ಹೆಂಡತಿಯ ಕನಸಿಗೆ ಮಾತ್ರ ಇಲ್ಲ. ಎಲ್ಲ ಮರಗಟ್ಟಿದ ಇನ್‌ಸುನ್‌ಗೆ ಅದೊಂದು ಮಾತ್ರ ಚಪ್ಪಲಿಯೊಳಗಿನ ಕಲ್ಲಿನಂತೆ ಒತ್ತುತ್ತಿತ್ತು. ವರ್ಷದ ಎಡೆ ಇಡುವ ದಿನ ಸತ್ತವರು ಮನೆಗೆ ಬಂದೇ ಬರುತ್ತಾರೆ ಅನ್ನುತ್ತಾರೆ. ಒಂದು ಸಲ ಬಂದು ಕೂತು ಹೋಗಲಿ. ಅವಳಿಗೆ ಬೇಕಾಗಿದ್ದುದು ಅಷ್ಟೇ.

ಎಡೆಗೆ ಹತ್ತು ದಿನ ಇರುವಾಗ ಮಿರಾನ್ ಫೋನ್ ಮಾಡಿದಳು. "ಅತ್ತಿಗೆ, ಎರಡು ದಿನ ಬೆನ್ನು ಮುರಕೊಂಡು ಕರಿಯೋದು ಹುರಿಯೋದು ಏನೂ ಬೇಡ. ಎಡೆ ಸಾಮಾನು ಪೂರ್ತಿ ಪೆಟ್ಟಿಗೇಲಿ ತಂದುಕೊಡೋರು ಇದಾರೆ. ಮೀನು, ಕರಿದದ್ದು, ಸೊಪ್ಪು, ಹಣ್ಣು, ಎಲ್ಲಾ. ಯಾವುದು ಎಲ್ಲಿಡಬೇಕು ಅಂತ ಚಿತ್ರ ಸಮೇತ ಬರತ್ತೆ. ಮಧ್ಯರಾತ್ರಿವರೆಗೆ ಕೂರೋದೂ ಬೇಡ, ಸಂಜೆ ಆರಕ್ಕೆ ಮುಗಿಸೋಣ. ಚಿಕ್ಕಪ್ಪನಿಗೂ ಊರಿನ ಬಸ್ಸು ಸಿಗತ್ತೆ."

"ಆಗಲಿ," ಅಂದಳು ಇನ್‌ಸುನ್.

ಅತ್ತೆ ಒಪ್ಪುತ್ತಾರೆ ಅಂತ ಇಬ್ಬರೂ ಅಂದುಕೊಂಡಿರಲಿಲ್ಲ. ಅತ್ತೆಗೆ ಎಂಬತ್ತು ದಾಟಿದೆ, ಹಿರಿಯರ ಎಡೆಗೆ ಅಡುಗೆ ಮಾಡಿ ಮಾಡಿಯೇ ಬೆರಳು ಸೊಟ್ಟಗಾದ ಹೆಂಗಸು. ಹಳ್ಳಿಯಿಂದ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, "ಪೆಟ್ಟಿಗೆ ತರಿಸ್ಕೊಳ್ಳಿ, ನಾನೇನು ಅಡ್ಡ ಬರಲ್ಲ," ಅಂದರು. "ಆದ್ರೆ ಸಾರು ಮಾತ್ರ ಸೊಸೆ ಕೈಯಲ್ಲೇ ಆಗ್ಬೇಕು. ನಿಮ್ಮ ಕಟ್ಟಡದಲ್ಲಿ ಬಾಗಿಲೆಲ್ಲ ಒಂದೇ ಥರ. ಕೈರುಚಿ ಇಲ್ದೆ ಅವನಿಗೆ ತನ್ನ ಮನೆ ಯಾವ್ದು ಅಂತ ಹೇಗೆ ಗೊತ್ತಾಗ್ಬೇಕು?"

ಎಡೆಯ ಸಾರು ಅಂದರೆ ಬಿಳಿ ಸಾರು. ಅದೇ ಮಾಂಸ, ಅದೇ ಮೂಲಂಗಿ, ಆದರೆ ಬೆಳ್ಳುಳ್ಳಿ ಇಲ್ಲ, ಖಾರ ಇಲ್ಲ. ಬೆಳ್ಳುಳ್ಳಿ, ಕೆಂಪು ಖಾರ ಇದ್ದಲ್ಲಿ ಸತ್ತವರು ಹೊಸ್ತಿಲು ದಾಟುವುದಿಲ್ಲ. ಇದು ಮದುವೆಯಾಗಿ ಬಂದ ವರ್ಷವೇ ಅತ್ತೆ ಅವಳಿಗೆ ಕಲಿಸಿದ ಮೊದಲ ಪಾಠ. ಇಷ್ಟು ವರ್ಷದಲ್ಲಿ ಒಂದು ಸಲವೂ ತಪ್ಪಿದವಳಲ್ಲ.

ಎಡೆಯ ದಿನ ಬೆಳಿಗ್ಗೆ ಇನ್‌ಸುನ್ ದೊಡ್ಡ ಪಾತ್ರೆ ಕೆಳಗಿಳಿಸಿದಳು. ವರ್ಷದಿಂದ ಮುಟ್ಟದ ಪಾತ್ರೆ. ಮೂಲಂಗಿಯನ್ನು ಓರೆ ಓರೆಯಾಗಿ ಸೀಳಿದಳು. ಎಳ್ಳೆಣ್ಣೆ ಕಾಯಿಸಿ ಮಾಂಸ ಹಾಕಿದಳು. ಕೈ ತನ್ನಷ್ಟಕ್ಕೆ ಓಡುತ್ತಿತ್ತು, ತಲೆ ಎಲ್ಲೋ ಇತ್ತು. ಹೊರಗೆ ಯಾರೋ ಕಾರು ಹಿಂದಕ್ಕೆ ತೆಗೆಯಲು ಒದ್ದಾಡುತ್ತಿದ್ದರು, ಅದನ್ನು ನೋಡುತ್ತ ನಿಂತಳು. ನೀರು ಸುರಿದು ಮುಚ್ಚಿ ಕುದಿಸಿದಳು, ಒಲೆ ಮೇಲಿನ ಫ್ಯಾನು ಗುಂಯ್ ಅಂತ ಹೊಗೆ, ವಾಸನೆ ಎಲ್ಲವನ್ನೂ ಎಳೆದುಕೊಂಡಿತು. ಆಮೇಲೆ ಪಾತ್ರೆಯನ್ನು ಹಾಗೇ ಬಾಲ್ಕನಿಯ ತಂಪಿಗೆ ಇಟ್ಟಳು. ಕೆಲಸ ಮುಗಿಯಿತು, ಹೊತ್ತು ಮತ್ತೆ ಉಳಿಯಿತು.

ಸಂಜೆ ಎಲ್ಲರೂ ಬಂದರು. ಮಿರಾನ್ ಪೆಟ್ಟಿಗೆ ಬಿಚ್ಚಿ ಚಿತ್ರ ನೋಡಿಕೊಂಡು ಮಲಗುವ ಕೋಣೆಯ ಮೇಜಿನ ಮೇಲೆ ಎಲ್ಲವನ್ನೂ ಜೋಡಿಸಿದಳು. ಹಣ್ಣಿನ ಸಾಲು, ಕರಿದದ್ದರ ಸಾಲು, ಮೀನಿನ ತಲೆ ಪೂರ್ವಕ್ಕೆ. ಹಿಂದೆ ದಾಲ್ಸುವಿನ ಫೋಟೋ. ಎಡೆ ನಡೆಸುವವರು ಚಿಕ್ಕಮಾವ, ಅತ್ತೆಯ ಮೈದುನ, ಕಪ್ಪು ಕೋಟು ಹಾಕಿಕೊಂಡು ಗಳಿಗೆಗೊಂದು ಸಲ ಗಡಿಯಾರ ನೋಡುವ ಆಸಾಮಿ. ಅತ್ತೆ ಕರಿದದ್ದನ್ನು ಬೆರಳಿಂದ ಒತ್ತಿ ನೋಡಿ, "ಚಪ್ಪಲಿ ಅಟ್ಟೆ ಇದ್ದಂಗಿದೆ," ಅಂದರು. "ಅಮ್ಮಾ, ತಿನ್ನೋದು ನೀನಲ್ಲ, ಸುಮ್ನಿರು," ಅಂದಳು ಮಗಳು.

ಊದುಬತ್ತಿ ಹಚ್ಚಿದ್ದಾಯಿತು. ಸತ್ತವನು ಒಳಗೆ ಬರಲೆಂದು ಮನೆಯ ಮುಂಬಾಗಿಲನ್ನು ಸ್ವಲ್ಪ ತೆರೆದಿಟ್ಟರು. ಇನ್‌ಸುನ್ ಪಾತ್ರೆ ತಂದು ಬಿಸಿಗಿಟ್ಟು, ಬಟ್ಟಲು ಒರೆಸುತ್ತಿದ್ದಳು. ಸಾರು ಬಡಿಸಲು ಮುಚ್ಚಳ ತೆಗೆದದ್ದು ಮಿರಾನ್.

"ಅತ್ತಿಗೆ!"

ಕೆಂಪು ಸಾರು. ಮೇಲೆ ಎಣ್ಣೆ ತೇಲುತ್ತಿತ್ತು, ಬೆಳ್ಳುಳ್ಳಿಯ ಘಾಟು ಅಡುಗೆಮನೆಯಿಂದ ನಡುಮನೆಗೆ, ಅಲ್ಲಿಂದ ತೆರೆದ ಬಾಗಿಲವರೆಗೆ ಹೋಯಿತು. ಇನ್‌ಸುನ್ ಪಾತ್ರೆಯೊಳಗೆ ನೋಡಿದಳು. ತಾನು ಖಾರದ ಡಬ್ಬಿ ತೆಗೆದದ್ದೇ ನೆನಪಿಲ್ಲ, ಬೆಳ್ಳುಳ್ಳಿ ಜಜ್ಜಿದ್ದೂ ನೆನಪಿಲ್ಲ. ದಾಲ್ಸುವಿಗೆ ಸಾರು ಅಂತ ಹೇಳಿದರು, ಕೈ ದಾಲ್ಸುವಿನ ಸಾರು ಮಾಡಿಟ್ಟಿತ್ತು.

"ಏನಮ್ಮಾ ಇದು ಅನ್ಯಾಯ!" ಚಿಕ್ಕಮಾವ ಬಾಗಿಲಲ್ಲಿ ನಿಂತು ಹಣೆ ಚಚ್ಚಿಕೊಂಡರು. "ಗಂಡನ್ನ ಕರೆದು ಮುಖಕ್ಕೆ ಬಾಗಿಲು ಹಾಕ್ದಂಗಾಯ್ತಲ್ಲ! ಈಗ ಹೊಸದಾಗಿ ಮಾಡೋಕೆ ಎಷ್ಟು ಹೊತ್ತು ಬೇಕು?"

"ಗಂಟೆ ಮೇಲಾಗತ್ತೆ. ಮಾಂಸಾನೂ ಇಲ್ಲ, ತರಬೇಕು," ಅಂದಳು ಮಿರಾನ್. ಅವಳಿಗೆ ಏನಾದರೊಂದು ಸುಲಭದ ದಾರಿ ಹೊಳೆಯದೆ ಇರುವುದಿಲ್ಲ. "ತೊಳೆದುಬಿಡೋಣ ಅತ್ತಿಗೆ. ಹೋಳು ತೆಗೆದು ನಲ್ಲಿ ಕೆಳಗೆ ಹಿಡಿದ್ರೆ ಖಾರ ಹೋಗತ್ತೆ. ಬಿಸಿನೀರು, ಉಪ್ಪು ಹಾಕಿ ಇಟ್ಟುಬಿಡೋಣ. ಯಾರಿಗೆ ಗೊತ್ತಾಗತ್ತೆ?"

ಇನ್‌ಸುನ್ ಜಾಲರಿಗೆ ಸೌಟಿನಿಂದ ಹೋಳು ತೋಡಿಕೊಂಡಳು. ನಲ್ಲಿ ತಿರುಗಿಸಿ ತೊಳೆಯತೊಡಗಿದಳು. ಮೇಲಿನ ಕೆಂಪು ಹೋಯಿತು, ಒಳಗೆ ಇಳಿದದ್ದು ಹೋಗಲಿಲ್ಲ. ಒಂದು ಮೂಲಂಗಿ ಹೋಳನ್ನು ಹೆಬ್ಬೆರಳಿನಿಂದ ತಿಕ್ಕಿದಳು. ಅದು ಕೈಯಲ್ಲೇ ಮುರಿಯಿತು. ಇನ್ನೊಂದು ತೆಗೆದಳು. ಸಿಂಕಿನ ತೂತಿಗೆ ಕೆಂಪು ನೀರು ಸುತ್ತಿ ಸುತ್ತಿ ಇಳಿಯುತ್ತಿತ್ತು. ಆವತ್ತು ಬೆಳಿಗ್ಗೆಯೂ ಹೀಗೆಯೇ ಇಳಿದಿತ್ತು. ಅವಳಿಗೆ ಭಯವಾಯಿತು. ವರ್ಷದಲ್ಲಿ ಮೊದಲ ಸಲ ಏನೋ ಆಯಿತು, ಅದು ಭಯ. ಅವನು ಮುಂಬಾಗಿಲ ಹೊರಗೆ ಚಪ್ಪಲಿ ಬಿಚ್ಚುವ ಜಾಗದಲ್ಲಿ ನಿಂತಿದ್ದಾನೆ, ಈ ಘಾಟಿಗೆ ಒಳಗೆ ಬರಲಾರದೆ ನಿಂತಿದ್ದಾನೆ, ಇನ್ನೊಂದು ಗಳಿಗೆಗೆ ವಾಪಸು ಹೋಗುತ್ತಾನೆ ಅನ್ನಿಸಿ ಅವಳು ಇನ್ನೂ ಜೋರಾಗಿ ತಿಕ್ಕಿದಳು.

"ಅತ್ತಿಗೆ, ಸಾಕು, ಪುಡಿ ಆಗ್ತಿದೆ," ಅಂದಳು ಮಿರಾನ್.

"ಅರ್ಧ ತಿಂದಿದ್ರು," ಅಂದಳು ಇನ್‌ಸುನ್, ಸಿಂಕಿಗೆ ಹೇಳುವ ಹಾಗೆ. "ಆವತ್ತು ಬೆಳಿಗ್ಗೆ. ಇನ್ನೂ ಅರ್ಧ ಇತ್ತು. ನಾನೇ ಬಟ್ಟಲು ಎತ್ಕೊಂಡು ಚೆಲ್ಲಿಬಿಟ್ಟೆ. ಪಾತ್ರೆ ತೊಳೀಬೇಕು ಅಂತ."

ಅತ್ತೆ ಬಂದು ತಮ್ಮ ಸೊಟ್ಟ ಬೆರಳುಗಳಿಂದ ನಲ್ಲಿ ನಿಲ್ಲಿಸಿದರು. ಸೊಸೆಯ ಕೈಯಿಂದ ಜಾಲರಿ ತೆಗೆದು ಪಕ್ಕಕ್ಕಿಟ್ಟರು. ಪಾತ್ರೆಯಲ್ಲಿ ಉಳಿದ ಸಾರನ್ನು ತಳದಿಂದ ಕಲಕಿ, ಬಟ್ಟಲಿಗೆ ಬಡಿಸಿದರು. ಕಂಠಮಟ್ಟ.

"ಅತ್ತಿಗೆ, ಇದೇನು ಮಾಡ್ತಿದೀರಿ?" ಚಿಕ್ಕಮಾವ ಅಡ್ಡ ನಿಂತರು. "ಖಾರ ಇದ್ರೆ ಸತ್ತೋರು ಬರಲ್ಲ, ನೀವೇ ಎಲ್ರಿಗೂ ಹೇಳಿಕೊಟ್ಟಿದ್ದು!"

"ಅದು ಸತ್ತೋರಿಗೆ," ಅಂದರು ಅತ್ತೆ. "ಇವನು ನನ್ನ ಮಗ. ಜೀವ ಇರೋವರೆಗೂ ಆ ಬಿಳೀ ಸಾರು ಮೂಸಿ ನೋಡ್ದವನಲ್ಲ. ಅದಿಟ್ರೆ ಯಾರ್ದೋ ಮನೆ ಅಂದ್ಕೊಂಡು ಹೋಗ್ಬಿಡ್ತಾನೆ. ದಾರಿ ಬಿಡಿ, ಬಿಸಿ ಇದೆ, ಕೈ ಸುಡತ್ತೆ."

ಅವರಿಗೂ ಧೈರ್ಯ ಇತ್ತು ಅಂತಲ್ಲ. ಬಟ್ಟಲಿನಿಂದ ಒಂದು ಹನಿ ತುಳುಕಿ ನೆಲಕ್ಕೂ ಬಿತ್ತು. ಚಿಕ್ಕಮಾವ ಗೊಣಗುತ್ತ ಪಕ್ಕಕ್ಕೆ ಸರಿದರು.

ಬಿಳಿ, ಹಳದಿ, ಕಂದು ಬಣ್ಣದ ಆ ಎಡೆಯ ನಡುವೆ ಕೆಂಪು ಬಟ್ಟಲೊಂದು ಕೂತಿತು. ಚಿಕ್ಕಮಾವ ಮದ್ಯ ಸುರಿದರು, ಎಲ್ಲರೂ ನೆಲಕ್ಕೆ ಹಣೆ ಹಚ್ಚಿ ನಮಸ್ಕರಿಸಿದರು. ಅನ್ನದಲ್ಲಿ ಚಮಚ ನೆಟ್ಟದ್ದಾಯಿತು. ಇನ್ನು ಬಂದವನು ಉಣ್ಣುವ ಹೊತ್ತು. ಎಲ್ಲರೂ ಕೋಣೆಯಿಂದ ಹೊರಗೆ ಬಂದು ಬಾಗಿಲು ಮುಚ್ಚಬೇಕು, ಒಂಬತ್ತು ತುತ್ತು ತಿನ್ನುವಷ್ಟು ಹೊತ್ತು ಕಾಯಬೇಕು. ಆಮೇಲೆ ಹಿರಿಯರು ಮೂರು ಸಲ ಕೆಮ್ಮಿ ಬಾಗಿಲು ತೆಗೆದರೆ ಊಟ ಮುಗಿಯಿತು ಅಂತ ಲೆಕ್ಕ.

ನಡುಮನೆಯಲ್ಲಿ ನಾಲ್ವರೂ ನಿಂತರು. ಅಷ್ಟರಲ್ಲಿ ಮೂಲೆಯ ಯಂತ್ರ ದಿನದ ಹೊತ್ತಿಗೆ ಸರಿಯಾಗಿ ಎದ್ದು ಗುಡಿಸಲು ಹೊರಟಿತು. ನೆಟ್ಟಗೆ ಬಂದು ಮುಚ್ಚಿದ ಬಾಗಿಲಿಗೆ ಡಿಕ್ಕಿ ಹೊಡೆಯಿತು. ಹಿಂದೆ ಸರಿದು ಮತ್ತೆ ಹೊಡೆಯಿತು, ಒಳಗಿನವನನ್ನು ಏಳು ಏಳು ಅನ್ನುವ ಹಾಗೆ. ಇನ್‌ಸುನ್ ಬಗ್ಗಿ ಅದನ್ನು ಎತ್ತಿಕೊಂಡಳು, ಗುಂಡಿ ಒತ್ತಿ ಬಾಯಿ ಮುಚ್ಚಿಸಿ ಮಗುಚಿ ಸೋಫಾ ಮೇಲೆ ಹಾಕಿದಳು.

ಚಿಕ್ಕಮಾವ ಗಡಿಯಾರ ನೋಡಿಕೊಂಡರು. "ಆಯ್ತಲ್ಲ, ತೆಗೆಯೋಣ?" ಅಂದರು. ಮಿರಾನ್ ಆಗಲೇ ಪೆಟ್ಟಿಗೆಗಳನ್ನು ಮಡಚುತ್ತಿದ್ದಳು. ಚಿಕ್ಕಮಾವ ಕೆಮ್ಮಲು ಗಂಟಲು ಸರಿಮಾಡಿಕೊಂಡರು.

"ಬೇಡಿ ಚಿಕ್ಕಮಾವ," ಅಂದಳು ಇನ್‌ಸುನ್. ಕಣ್ಣಿಂದ ನೀರು ಇಳಿಯುತ್ತಿದ್ದುದು ಅವಳಿಗೇ ಗೊತ್ತಾಗಲಿಲ್ಲ. "ಇನ್ನೂ ಬಿಸಿ ಇರತ್ತೆ. ಅವರು ಊದ್ಕೊಂಡು ಊದ್ಕೊಂಡು ತಿನ್ನೋರು."

"ಬಸ್ಸು ತಪ್ಪತ್ತಲ್ಲಮ್ಮಾ..."

"ತಪ್ಪಿದ್ರೆ ಇಲ್ಲೇ ಮಲಗಿ. ಹೊದಿಕೆ ಕೊಡ್ತೀನಿ, ನಾಳೆ ಒಗೆದ್ರಾಯ್ತು."

ಅತ್ತೆ ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಮಿರಾನ್ ಮಡಚುತ್ತಿದ್ದ ಪೆಟ್ಟಿಗೆ ಕೆಳಗಿಟ್ಟಳು. ಚಿಕ್ಕಮಾವ ಒಂದು ಸಲ ಬಾಗಿಲು ನೋಡಿದರು, ಒಂದು ಸಲ ಅವಳನ್ನು ನೋಡಿದರು. ಗಂಟಲಿಗೆ ಬಂದಿದ್ದ ಕೆಮ್ಮನ್ನು ನುಂಗಿಕೊಂಡು ಕೋಟು ಬಿಚ್ಚಿದರು. ಅಡುಗೆಮನೆಯಲ್ಲಿ ತೊಳೆಯದ ಪಾತ್ರೆ ರಾಶಿ ಬಿದ್ದಿತ್ತು. ಇನ್‌ಸುನ್ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು.

"ನಿಧಾನಕ್ಕೆ ತಿನ್ರೀ," ಅಂದಳು.